ನಿಂತ ಗೋಡೆಯ ಬೆಲೆ

ವಿರೂಪಾಕ್ಷನ ಮೂಡಲ ಗೋಪುರದ ಕೆಳಗೆ ನಿಂತರೆ ರಥಬೀದಿ ಕಣ್ಣಳತೆಯ ಕೊನೆಯವರೆಗೂ ನೇರ ಹಾಸಿಕೊಂಡಿರುತ್ತದೆ. ಮುಕ್ಕಾಲು ಕಿಲೋಮೀಟರಿನಷ್ಟು ಉದ್ದ. ಆ ತುದಿಯಲ್ಲಿ, ಮಾತಂಗ ಬೆಟ್ಟದ ಬುಡಕ್ಕೆ, ಎದುರು ಬಸವಣ್ಣ. ಎಡಬಲಕ್ಕೆ ಕಲ್ಲುಮಂಟಪಗಳ ಸಾಲು. ಕೆಲವು ಒಂದೇ ಅಂತಸ್ತಿನವು, ಕೆಲವಕ್ಕೆ ಮೇಲೊಂದು ಉಪ್ಪರಿಗೆ. ಬೆಳಗಿನ ಬಿಸಿಲು ಬಸವಣ್ಣನ ಬೆನ್ನ ಕಡೆಯಿಂದ ಎದ್ದು ಬೀದಿಯುದ್ದಕ್ಕೂ ನಡೆದು ಬರುತ್ತದೆ, ಮಂಟಪದ ನೆಲದ ಮೇಲೆಲ್ಲ ಕಂಬದ ನೆರಳಿನ ಪಟ್ಟೆ. ಚೈತ್ರದ ತೇರು ಮುಗಿದು ಜಾತ್ರೆಯ ಅಂಗಡಿಗಳು ಎದ್ದುಹೋಗಿವೆ. ಮೇಕೆಗಳು ಜಗುಲಿ ಹಿಡಿದಿವೆ. ಹೊಳೆಯಲ್ಲಿ ಮುಳುಗೆದ್ದ ಯಾತ್ರಿಕರ ಗುಂಪೊಂದು ಒದ್ದೆ ಬಟ್ಟೆಯಲ್ಲೇ ಗುಡಿಯತ್ತ ನಡೆದಿದೆ. ಛತ್ತು, ಕಂಬ, ಜಗುಲಿ, ಮೆಟ್ಟಿಲು, ಮನೆಗೆ ಬೇಕಾದ್ದೆಲ್ಲ ಈ ಸಾಲಿನಲ್ಲಿದೆ. ಬಾಗಿಲು ಮಾತ್ರ ಎಲ್ಲೂ ಇಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಈ ಬೀದಿಯ ಬಗ್ಗೆ ಬರೆಯುವಾಗ ಮೊದಲು ಹೇಳಿದ್ದು ಇಲ್ಲಿನ ಮನೆಗಳ ಚೆಲುವನ್ನು. ಯಾತ್ರಿಕರು ತಂಗುವ ಮೊಗಸಾಲೆಗಳು, ದೊಡ್ಡವರ ಬಿಡದಿಗಳು, ದೇವರ ದರ್ಶನಕ್ಕೆ ಬಂದಾಗ ಅರಸ ಉಳಿಯುವ ಅರಮನೆ ಎಲ್ಲವೂ ಇದೇ ಬೀದಿಯಲ್ಲಿದ್ದವಂತೆ. ಅಂದರೆ ಈ ಬಜಾರು ಬರೀ ಕೊಡುಕೊಳ್ಳುವ ಜಾಗವಾಗಿರಲಿಲ್ಲ, ಜನ ಮಲಗಿ ಏಳುವ ಜಾಗವೂ ಆಗಿತ್ತು. ನಾಲ್ಕು ಶತಮಾನ ದಾಟಿದ ಮೇಲೆ ಮತ್ತೆ ಹಾಗೆಯೇ ಆಯಿತು. ಕಂಬದಿಂದ ಕಂಬಕ್ಕೆ ಇಟ್ಟಿಗೆ ಏರಿಸಿ, ಬಾಗಿಲು ಕೂರಿಸಿ, ಒಳಗೆ ಒಲೆ ಹೂಡಿ ಜನ ಸಂಸಾರ ಮಾಡಿದರು. ಮುಂದೆ ಅಂಗಡಿ, ಹಿಂದೆ ಅಡುಗೆ. ಮಕ್ಕಳು ಹುಟ್ಟಿದರು, ಮೊಮ್ಮಕ್ಕಳು ಹುಟ್ಟಿದರು. ಕಲ್ಲಿನ ಛತ್ತು ಸೋರುತ್ತಿರಲಿಲ್ಲ, ಕಲ್ಲಿನ ಕಂಬಕ್ಕೆ ಗೆದ್ದಲು ಹತ್ತುತ್ತಿರಲಿಲ್ಲ. 1986ರಲ್ಲಿ ಹಂಪಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2002ರಲ್ಲಿ ಹಂಪಿಯ ನಿರ್ವಹಣಾ ಪ್ರಾಧಿಕಾರಕ್ಕೆಂದೇ ಕಾಯ್ದೆ ಬಂತು. 2011ರ ಜುಲೈನಲ್ಲಿ ಜೆಸಿಬಿ ಬಂತು. ಬಜಾರಿನ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಚದುರಿದವು. ಬದಲಿ ಜಾಗ ಗೊತ್ತಾದದ್ದು ಹೊಸಪೇಟೆ ರಸ್ತೆಯ ಕಡ್ಡಿರಾಂಪುರದಲ್ಲಿ, ಬಜಾರಿನಿಂದ ಸುಮಾರು 4 ಕಿಲೋಮೀಟರು.

ಹಾಗೆ ಮನೆ ಕಳೆದುಕೊಂಡವರು ಮುಂದೆ ಮನೆ ಕೊಳ್ಳಲು ಹೊರಟಾಗ ಎಲ್ಲಿ ಕಣ್ಣಿಡುತ್ತಾರೆ ಎಂಬ ಕುತೂಹಲದಿಂದಲೇ ನಾನು ಅಂಥದೊಂದು ಕುಟುಂಬದ ಜತೆ ಹೊರಟದ್ದು. ಅಮ್ಮ, ಮಗ, ಸೊಸೆ. ಅಮ್ಮ ಮದುವೆಯಾಗಿ ಬಂದದ್ದೇ ಬಜಾರಿನ ಮಂಟಪಕ್ಕೆ. ಈಗ ಮಗನ ಕೈಯಲ್ಲಿ ನಾಲ್ಕು ಕಾಸು ಸೇರಿದೆ. ಅಕ್ಕಪಕ್ಕದವರ ಗೋಡೆಗೆ ಅಂಟದ, ಸುತ್ತ ಒಂದಿಷ್ಟು ಬಯಲಿರುವ, ನಾಲ್ಕು ಜನ ಹಳಬರಿರುವ ಓಣಿಯ ಮನೆ ಬೇಕಾಗಿದೆ. ಜತೆಗೊಬ್ಬ ವಯಸ್ಸಾದ ಗೌಂಡಿ, ಕಂಪ್ಲಿಯವನು. ಚೀಲದಲ್ಲಿ ತೂಗುಗುಂಡು, ಕರಣೆ, ಒಂದು ಸಣ್ಣ ಸುತ್ತಿಗೆ. ಅಮ್ಮ ಅವನನ್ನು ಯಣ್ಣಾ ಎನ್ನುತ್ತಾಳೆ, ಅವನು ಆಕೆಯನ್ನು ತಂಗೀ ಎನ್ನುತ್ತಾನೆ. ಸಂಬಂಧವೇನೂ ಇಲ್ಲ.

ಮೊದಲು ಹೊಸಪೇಟೆಯ ಪಟೇಲ್ ನಗರ. ಬ್ರೋಕರ್ ತೋರಿಸಿದ ಮನೆ ಅಣೆಕಟ್ಟಿನ ಕಾಲದ ಆಚೀಚಿನದು. ತುಂಗಭದ್ರೆಗೆ ಅಡ್ಡಗಟ್ಟೆ ಏಳುತ್ತಿದ್ದಾಗ, ಎದ್ದ ಮೇಲೆ, ಎಂಜಿನಿಯರರು, ಗುತ್ತಿಗೆದಾರರು, ಕಬ್ಬಿನ ಸಾಹುಕಾರರು ಊರಿಗೆ ತಂದ ಮಾದರಿ ಅದು. ಮುಂದೆ ಗೇಟು, ಎರಡು ತೆಂಗು, ಕಮಾನಿನ ವರಾಂಡ, ಒಳಗೆ ಎತ್ತರದ ಕೋಣೆಗಳು. ಮೇಲೆ ಮದ್ರಾಸ್ ಟೆರೇಸು: ಸಾಗವಾನಿ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಜೋಡಿಸಿ, ಗಾರೆ ತುಂಬಿ, ಮೇಲೆ ಇಟ್ಟಿಗೆ ಚೂರಿನ ಕಾಂಕ್ರೀಟು ಬಡಿದು ಕೂರಿಸಿದ್ದು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಆ ಕಾಲದ ಕೈ ಈ ಛಾವಣಿಗಳಲ್ಲಿ ಇನ್ನೂ ಕಾಣುತ್ತದೆ.

ಬ್ರೋಕರನಿಗೆ ಇದಾವುದರ ಮೇಲೂ ಆಸ್ಥೆಯಿರಲಿಲ್ಲ. "ಮನಿ ನೋಡಬ್ಯಾಡ್ರಿ ಸಾರ್, ಸೈಟ್ ನೋಡ್ರಿ. ಮನಿಗೆ ನಾವು ರೇಟೇ ಹಿಡಿದಿಲ್ಲ. ಕೆಡವಾಕ ಬೇಕಾದ್ರೆ ನಾವೇ ಮಂದಿ ಕಳಿಸ್ತೀವಿ, ಕಟ್ಟಿಗಿ ಅವ್ರೇ ಹೊತ್ಕೊಂಡು ಹೋಗ್ತಾರ" ಎಂದ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆಯೇ ಕೇಂದ್ರವಾದ ಮೇಲೆ ಇಲ್ಲಿ ನೆಲ ಮಾತಾಡುತ್ತದೆ, ಗೋಡೆ ಬಾಯಿಬಿಡುವುದಿಲ್ಲ. ಬ್ಯಾಂಕಿನ ಮೌಲ್ಯಮಾಪಕನದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ: ಕಟ್ಟಡದ ಉಳಿದ ಆಯುಷ್ಯ ಸಾಲದ ಅವಧಿಗಿಂತ ಕಡಿಮೆಯೆಂದು ಕಂಡರೆ ಗೋಡೆಯ ಬೆಲೆ ಸೊನ್ನೆ, ನೆಲಕ್ಕಷ್ಟೇ ಬೆಲೆ.

ಗೌಂಡಿ ಒಳಗೆ ಹೋಗುವ ಮೊದಲೇ ಗೇಟಿನ ಬಳಿ ನಿಂತು ತಲೆಯಾಡಿಸಿದ್ದ. ಬೀದಿಗೆ ಡಾಂಬರು, ಅದರ ಮೇಲೆ ಡಾಂಬರು, ಕೊನೆಗೆ ಸಿಮೆಂಟು. ಎಪ್ಪತ್ತು ವರ್ಷದಲ್ಲಿ ರಸ್ತೆ ಮೊಣಕಾಲೆತ್ತರ ಏರಿದೆ, ಮನೆ ಇದ್ದಲ್ಲೇ ಇದೆ. ಹತ್ತಿ ಹೋಗುತ್ತಿದ್ದ ಮೂರು ಮೆಟ್ಟಿಲಲ್ಲಿ ಎರಡು ನೆಲದೊಳಗೆ. ಮಳೆ ಬಂದರೆ ಬೀದಿಯ ನೀರಿಗೆ ವರಾಂಡವೇ ದಾರಿ. ಹಳೆಯ ಬಡಾವಣೆಯಲ್ಲಿ ಮನೆ ನೋಡುವವರು ಗೋಡೆಗಿಂತ ಮೊದಲು ಹೊಸ್ತಿಲಿಗೂ ರಸ್ತೆಗೂ ಇರುವ ಮಟ್ಟ ನೋಡಬೇಕು ಎಂಬುದು ಅವನ ಕಟ್ಟಪ್ಪಣೆ. ನೀರು ತುಂಬಿದ ಟ್ಯೂಬೊಂದಿದ್ದರೆ ಸಾಕು, ಐದು ನಿಮಿಷದ ಕೆಲಸ. ಯಾರೂ ಮಾಡುವುದಿಲ್ಲ.

ಸೊಸೆಗೆ ಆ ಮನೆ ಹಿಡಿಸಿತ್ತು. ಬೆಲೆ ಕೇಳಿದ ಮೇಲೆ ಮಾತು ಮುಂದುವರಿಯಲಿಲ್ಲ. ದಾರಿಯಲ್ಲಿ ಚಹಾ ಕುಡಿಯುತ್ತ ಗೌಂಡಿ ಸಂಡೂರಿನ ಸುದ್ದಿ ತೆಗೆದ. ಗಣಿಯ ಭರಾಟೆಯ ವರ್ಷಗಳಲ್ಲಿ ಲಾರಿ ಓಡಾಡುವ ಬೀದಿಯ ಮನೆಗಳಿಗೆ ಅವನು ಸುಣ್ಣ ಹೊಡೆದಷ್ಟೂ ಗೋಡೆ ಮತ್ತೆ ಕೆಂಪಾಗುತ್ತಿತ್ತಂತೆ. "ಅಲ್ಲಿ ಮನಿ ನೋಡೋರಿಗೆ ನಾನು ಹೇಳೋದು ಇಷ್ಟೇ. ಕಿಟಕಿ ಮ್ಯಾಲೆ ಬೆರಳಾಡಿಸ್ರಿ, ಆಮೇಲೆ ಮಾತಾಡ್ರಿ." ಅವನೂರು ಕಂಪ್ಲಿಯದ್ದು ಬೇರೆ ಕಥೆ. ಕಾಲುವೆ ನೀರು, ಭತ್ತದ ಗದ್ದೆ, ಎರೆ ಮಣ್ಣು. ಆ ಮಣ್ಣು ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಅದರ ಮೇಲೆ ಕೂತ ಮನೆಯೂ ಜತೆಗೇ ಏಳುತ್ತ ಕೂರುತ್ತ ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರಿಯುತ್ತದೆ. ಬಿರುಕು ಕಂಡ ಕೂಡಲೇ ಜನ ಓಡಿಹೋಗುತ್ತಾರೆಂಬುದು ಅವನಿಗೆ ಬೇಸರ. "ಬಿರುಕಿಗೆ ಹೆದರಬ್ಯಾಡ್ರಿ. ನಿಂತೈತೋ ನಡದೈತೋ ಅದನ್ನ ನೋಡ್ರಿ." ನೋಡುವ ಉಪಾಯ ಹಳೆಯದು: ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿ ಒಂದು ಮಳೆಗಾಲ ಬಿಡುವುದು. ಗಾಜು ಒಡೆದರೆ ಬಿರುಕು ನಡೆಯುತ್ತಿದೆ ಎಂದು ಅರ್ಥ.

ಕಮಲಾಪುರ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅನಂತಶಯನಗುಡಿ ದಾಟಿದ ಮೇಲೆ ದಾರಿಯ ಎರಡೂ ಬದಿಗೆ ಬಾಳೆ, ಕಬ್ಬು. ನಡುನಡುವೆ ವಿಜಯನಗರದ ಕಾಲದ ಕಾಲುವೆಗಳು ಇವತ್ತಿಗೂ ನೀರು ಹರಿಸುತ್ತಿವೆ. ಅರಸರ ಕೆಲಸಗಳಲ್ಲಿ ಜನ ಇಂದಿಗೂ ನಿತ್ಯ ಬಳಸುವುದು ಇವನ್ನೇ, ಪ್ರವಾಸಿಗರ ಕ್ಯಾಮೆರಾ ಮಾತ್ರ ಇತ್ತ ತಿರುಗುವುದಿಲ್ಲ. ಊರಿನ ಕೆರೆಯೂ ಆ ಕಾಲದ್ದೇ. ನೀರು ಹತ್ತಿರವಿದ್ದರೆ ಬಾವಿ ಬತ್ತುವುದಿಲ್ಲ, ಗೋಡೆಯೂ ಒಣಗುವುದಿಲ್ಲ. ಇಲ್ಲಿ ಮನೆ ಕೊಳ್ಳುವವರು ಎರಡನ್ನೂ ಕೂಡಿಯೇ ಕೊಳ್ಳುತ್ತಾರೆ.

ಮನೆ ಒಬ್ಬ ನಿವೃತ್ತ ಮೇಷ್ಟ್ರದ್ದು. ಹಳೇ ಓಣಿಯ ಬಹಳಷ್ಟು ಮನೆಗಳು ಒಂದರ ಗೋಡೆಗೆ ಒಂದು ಆತುಕೊಂಡಿರುತ್ತವೆ. ನಡುಗೋಡೆ ಯಾರದ್ದು, ಅದರ ಮೇಲೆ ಬಿದ್ದ ಮಳೆನೀರು ಯಾರ ಅಂಗಳಕ್ಕೆ ಎಂದು ಮೂರು ತಲೆಮಾರು ಜಗಳ ಆಡಿದವರಿದ್ದಾರೆ. ಈ ಮನೆ ಹಾಗಲ್ಲ. ಒಂದು ಪಕ್ಕ ಗಾಡಿ ಹೋಗುವಷ್ಟು ಸಂದಿ, ಇನ್ನೊಂದು ಪಕ್ಕ ಮನುಷ್ಯ ಹೋಗುವಷ್ಟು, ಹಿಂದೆ ಹಿತ್ತಲು, ಹಿತ್ತಲಲ್ಲಿ ಬೇವು, ಕರಿಬೇವು, ಕಲ್ಲುಕಟ್ಟಿನ ಸೇದುಬಾವಿ. ಮುಂದೆ ಎರಡು ಕಟ್ಟೆ. ತಲೆಬಾಗಿಲಿನ ಕೆತ್ತನೆಯ ಮೇಲೆ ವರ್ಷವರ್ಷ ಬಳಿದ ಎಣ್ಣೆಬಣ್ಣ ದಪ್ಪ ಕಟ್ಟಿ ಹೂವಿನ ಎಸಳು ಮೊಂಡಾಗಿವೆ. ಬಾಗಿ ಒಳಹೊಕ್ಕರೆ ಮೊದಲು ತಗ್ಗಿನ ಅಂಕಣ, ಒಂದು ಕಾಲಕ್ಕೆ ದನ ಕಟ್ಟುತ್ತಿದ್ದದ್ದು. ಗೋದಲಿಯ ಜಾಗದಲ್ಲಿ ಈಗ ಮೋಟರ್ ಬೈಕು. ಎರಡು ಮೆಟ್ಟಿಲೇರಿದರೆ ಪಡಸಾಲೆ, ಆಮೇಲೆ ನಡುಮನೆ, ಅದರ ಬಲಕ್ಕೆ ದೇವರ ಕೋಣೆ, ಹಿಂದೆ ಅಡುಗೆ. ಹೊರಗೆ ಕಾದ ಬಾಣಲೆಯಂಥ ಬಿಸಿಲು. ಒಳಗೆ ಫ್ಯಾನು ನಿಂತಿದ್ದರೂ ಯಾರೂ ಅದರತ್ತ ನೋಡಲಿಲ್ಲ. ಎರಡಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ಮೊಳದಷ್ಟು ಮಣ್ಣು.

"ಬೇಸಿಗ್ಯಾಗ ಮನಿ ನೋಡಬಾರದು ತಂಗಿ" ಎಂದ ಗೌಂಡಿ. "ಬೇಸಿಗ್ಯಾಗ ಎಲ್ಲಾ ಮಣ್ಣಿನ ಮನಿನೂ ಚೆಂದ."

ಅಂದವನೇ ತಲೆ ಎತ್ತಿದ. ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡ ಜಂತೆ, ಜಂತೆಯ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆ ಚಕ್ಕೆ. ಅದರ ಮೇಲೆ ಕಣ್ಣಿಗೆ ಕಾಣದ ಬೇವಿನ ಸೊಪ್ಪಿನ ಪದರ, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಬೆಳೆ ಬಾರದ, ಉಪ್ಪು ಬಿಳುಚಿಕೊಂಡ ಆ ಮಣ್ಣೇ ಈ ಸೀಮೆಯ ಮಾಳಿಗೆಗಳಿಗೆ ರಕ್ಷೆ. ನೀರು ತಾಗಿದರೆ ಅದರ ಕಣಗಳು ಬಿಡಿಸಿಕೊಂಡು ಹರಡಿ ಸಂದುಗಳನ್ನೆಲ್ಲ ಮುಚ್ಚುತ್ತವೆ. ಹೊಲಕ್ಕೆ ಶಾಪವಾದ ಗುಣ ಮಾಳಿಗೆಗೆ ವರ. ಆದರೆ ವರ್ಷಕ್ಕೊಂದು ಸಲ, ಮಳೆ ಹಿಡಿಯುವ ಮೊದಲು, ಹೊಸ ಮಣ್ಣು ಹರಡಿ ತುಳಿಯಬೇಕು. ಎರಡು ವರ್ಷ ಬಿಟ್ಟರೆ ಹುಲ್ಲು, ಮೂರು ವರ್ಷಕ್ಕೆ ಗಿಡ, ಗಿಡದ ಬೇರಿನ ದಾರಿಯಲ್ಲಿ ನೀರು. ಗೌಂಡಿ ಏಣಿ ಹತ್ತಿ ಮಾಳಿಗೆಯ ಮೇಲೆ ಸುತ್ತಾಡಿ ಬಂದ. ಗವಾಕ್ಷಿಯ ಸುತ್ತ ಮಾತ್ರ ತಗ್ಗಾಗಿದೆ, ಉಳಿದಂತೆ ಮಣ್ಣು ಗಟ್ಟಿಯಿದೆ, ದೋಣಿಗಳು ಕಟ್ಟಿಕೊಂಡಿಲ್ಲ. ಮೇಷ್ಟ್ರು ಇಲ್ಲಿಯವರೆಗೂ ಮಣ್ಣು ಹಾಕಿಸುವುದು ತಪ್ಪಿಸಿಲ್ಲವೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಕೆಳಗಿಳಿದು ತೊಲೆಗಳ ತಪಾಸಣೆ. ಸುತ್ತಿಗೆಯ ಹಿಡಿಯಿಂದ ಒಂದೊಂದನ್ನೂ ತಟ್ಟಿ ಕಿವಿಗೊಟ್ಟ. ನಡುವೆ ಎಲ್ಲೂ ತೊಂದರೆಯಿಲ್ಲ. ಕೆಡುವುದು ಯಾವಾಗಲೂ ತುದಿ, ಗೋಡೆಯೊಳಗೆ ಹೂತ ಜಾಗ. ಅಲ್ಲಿ ಗಾಳಿಯಿಲ್ಲ, ತೇವ ಉಂಟು, ಗೆದ್ದಲಿಗೆ ಅಷ್ಟು ಸಾಕು. ಪಡಸಾಲೆಯ ಮೂಡಲ ಗೋಡೆಯ ಒಂದು ತೊಲೆಯ ಬಳಿ ಸದ್ದು ಟೊಳ್ಳಾಯಿತು. ಕರಣೆಯ ತುದಿ ಚುಚ್ಚಿದರೆ ಬೆರಳುದ್ದ ಒಳಗೆ ಹೋಯಿತು. ಮೇಷ್ಟ್ರ ಮುಖ ಚಿಕ್ಕದಾಯಿತು.

"ಇದೊಂದು ತೊಲಿ ಬದಲಿ ಮಾಡಿದ್ರೆ ಆತು ಸಾರ್. ಮನಿಗೆ ಏನೂ ಆಗಿಲ್ಲ."

ಮೇಷ್ಟ್ರು ಹೆಮ್ಮೆಯಿಂದ ತೋರಿಸಿದ್ದು ಹಿಂದಿನ ಎರಡು ಕೋಣೆಗಳನ್ನು. ನೌಕರಿಯಲ್ಲಿದ್ದಾಗ ಸಾಲ ಮಾಡಿ ಆರ್‌ಸಿಸಿ ಹಾಕಿಸಿದ್ದು, ಮೊಸಾಯಿಕ್ ನೆಲ, ಕಬ್ಬಿಣದ ಕಿಟಕಿ. ಮನೆಯಲ್ಲಿ ಸೊರಗಿದ್ದು ಆ ಭಾಗವೇ. ಛತ್ತಿನ ಪದರ ಅಲ್ಲಲ್ಲಿ ಉದುರಿ ತುಕ್ಕು ಹಿಡಿದ ಕಂಬಿ ಹೊರಗಿಣುಕಿದೆ. ಕಂಬಿಗೆ ತುಕ್ಕು ಹತ್ತಿದರೆ ಅದು ಉಬ್ಬುತ್ತದೆ, ಉಬ್ಬಿದ್ದಕ್ಕೆ ಕಾಂಕ್ರೀಟು ಸಿಡಿಯುತ್ತದೆ, ಸಿಡಿದ ಸಂದಿಯಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. ಕೆಳಗೆ ಮಂಚ ಹಾಕಿದ ಜಾಗದ ಮೇಲೆಯೇ ಒಂದು ತಟ್ಟೆಯಗಲ ಉದುರಿದೆ. ಅದೇ ಕಾಲದಲ್ಲಿ ಮುಂದಿನ ಮಣ್ಣುಗೋಡೆಗಳಿಗೂ ಎದೆಮಟ್ಟ ಸಿಮೆಂಟು ಬಳಿಸಿದ್ದರು. ಗೋಡೆಯ ಒಳಗೆ ಏರಿದ ತೇವಕ್ಕೆ ಸಿಮೆಂಟಿನಿಂದ ಹೊರಬರಲು ದಾರಿಯಿಲ್ಲದೆ ಅದು ಇನ್ನೂ ಮೇಲೆ ಹತ್ತಿ, ಸಿಮೆಂಟು ಮುಗಿದಲ್ಲಿ ಬಿಳಿ ಉಪ್ಪಾಗಿ ಅರಳಿದೆ. ಕೈಯಿಟ್ಟರೆ ಹಿಟ್ಟು ಹಿಟ್ಟು. ಸುಣ್ಣದ ಗಾರೆ ಬಳಿದಿದ್ದರೆ ತೇವ ಕೆಳಗೇ ಆರಿಹೋಗುತ್ತಿತ್ತು. ಹಳೆಯ ಮನೆಗಳನ್ನು ನೋಡುವಾಗ ನನಗೆ ಪದೇ ಪದೇ ಎದುರಾಗುವುದು ಇದೇ: ಮುತ್ತಜ್ಜ ಕಟ್ಟಿದ್ದು ನಿಂತಿರುತ್ತದೆ, ಮಗ ರಿಪೇರಿ ಮಾಡಿಸಿದ್ದು ಮಲಗಿರುತ್ತದೆ. ಗಟ್ಟಿಯಾಗಲಿ ಎಂದು ಹಚ್ಚಿದ ವಸ್ತು ಗೋಡೆಗಿಂತ ಗಟ್ಟಿಯಾದರೆ ಗೋಡೆ ಸೋಲುತ್ತದೆ. ಮೇಷ್ಟ್ರಿಗೆ ಇದನ್ನು ಯಾರು ಹೇಳಬೇಕು? ಗೌಂಡಿ ಹೇಳಲಿಲ್ಲ. ಸಿಮೆಂಟಿನ ಅಂಚಿಗೆ ಕರಣೆ ತಾಗಿಸಿ ನನ್ನತ್ತ ನೋಡಿದ, ಅಷ್ಟೆ.

ಸೊಸೆ ಅಷ್ಟರಲ್ಲಿ ಬೇರೆಯೇ ಮನೆ ನೋಡುತ್ತಿದ್ದಳು. ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ, ಗಟಾರ ಬೀದಿಯ ಚರಂಡಿಗಿಂತ ಮೇಲಿದೆಯೋ ಕೆಳಗಿದೆಯೋ, ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಪಾಯಿಖಾನೆಯ ಗುಂಡಿಗೂ ಬಾವಿಗೂ ಎಷ್ಟು ದೂರ. ಪಕ್ಕದ ಮನೆಯ ಹೆಂಗಸು ಗೋಡೆಯ ಆಚೆಯಿಂದ ಮಾತಿಗೆ ಸಿಕ್ಕಳು. ಐದೇ ನಿಮಿಷದಲ್ಲಿ ಯಾವ ಮಳೆಗೆ ನೀರು ಎಲ್ಲಿಯವರೆಗೆ ಬಂದಿತ್ತು, ರಾತ್ರಿ ಬೀದಿದೀಪ ಉರಿಯುತ್ತದೆಯೇ, ಎದುರು ಮನೆಯವರು ಹೇಗೆ, ಎಲ್ಲ ಹೊರಬಿತ್ತು. ಹಳೇ ಓಣಿಯಲ್ಲಿ ಮನೆ ಕೊಳ್ಳುವುದರ ಲಾಭವೆಂದರೆ ಇದು. ಹೊಸ ಬಡಾವಣೆಯಲ್ಲಿ ಕೇಳಲು ಸಾಕ್ಷಿಗಳೇ ಇರುವುದಿಲ್ಲ.

"ಅಡಿಗಿ ಮನ್ಯಾಗ ನೆಲ ಯಾಕೋ ಬ್ಯಾರೆ ಸಪ್ಪಳ ಮಾಡ್ತೈತಿ" ಎಂದು ಸೊಸೆಯೇ ಬಂದು ಹೇಳಿದ್ದು. ಮೇಷ್ಟ್ರು ನಕ್ಕರು. ಅಲ್ಲೊಂದು ಹಗೇವು ಇದೆ. ಅವರಜ್ಜನ ಕಾಲದಲ್ಲಿ ಜೋಳ ತುಂಬುತ್ತಿದ್ದ ನೆಲಗುಂಡಿ; ಬಾಯಿಗೆ ಕಡಪಾ ಬಂಡೆ ಮುಚ್ಚಿ ಮೇಲೆ ಗಾರೆ ಹಾಕಿದ್ದಾರೆ. ಈ ಸೀಮೆಯ ಹಳೇ ಮನೆಗಳಲ್ಲಿ ಇದು ಅಪರೂಪವಲ್ಲ. ಆದರೆ ಕೊಳ್ಳುವವರಿಗೆ ಹೇಳದೆ ಬಿಟ್ಟ ಹಗೇವಿನ ಮೇಲೆ ತುಂಬಿದ ಗ್ಯಾಸ್ ಸಿಲಿಂಡರು, ಫ್ರಿಜ್ಜು ನಿಲ್ಲಿಸಿದರೆ ಬಂಡೆ ತಾಳುತ್ತದೆಯೋ ಇಲ್ಲವೋ. ಮಣ್ಣು ಕಲ್ಲು ತುಂಬಿ, ನೀರು ಬಿಟ್ಟು ಕೂರಿಸಬೇಕು ಎಂದು ಗೌಂಡಿ ಲೆಕ್ಕಕ್ಕೆ ಸೇರಿಸಿದ.

ಮಗನದ್ದು ಇನ್ನೊಂದು ಲೆಕ್ಕ. ಅವನು ಸಂದಿ, ಹಿತ್ತಲು, ಎಲ್ಲವನ್ನೂ ಹೆಜ್ಜೆ ಹಾಕಿ ಅಳೆದು ಬಂದಿದ್ದ. ಒಟ್ಟು ಎಂಟು ಅಂಕಣ, ಹಿತ್ತಲು ಬೇರೆ. ಕೆಡವಿ ಕಟ್ಟಿದರೆ ಕೆಳಗೆ ತಾವು, ಮೇಲೆ ನಾಲ್ಕು ರೂಮು. ಹಂಪಿಗೆ ಬರುವವರಿಗೆ ಕೊಡಬಹುದು. ಹೊಳೆಯಾಚೆ ಆನೆಗುಂದಿಯಲ್ಲಿ ಹಳೆಯ ಮನೆಗಳನ್ನೇ ಹಸನು ಮಾಡಿ ಅತಿಥಿಗಳನ್ನು ಇಳಿಸಿಕೊಳ್ಳುವುದನ್ನು ಅವನು ಕಂಡಿದ್ದ. "ಅಲ್ಲಿ ಮಣ್ಣಿನ ಮನಿಗೇ ಫಾರಿನ್ನರು ಬರ್ತಾರ. ಹೊಸಾದು ಕಟ್ಟಿದ್ರ?"

ಆಗ ಅಮ್ಮ ಮೊದಲ ಸಲ ಬಾಯಿಬಿಟ್ಟಳು. ಅಲ್ಲಿಯವರೆಗೂ ಆಕೆ ಕಟ್ಟೆ ಬಿಟ್ಟು ಎದ್ದಿರಲಿಲ್ಲ.

"ಮೇಷ್ಟ್ರೇ, ಆ ತಿರುವಿನ್ಯಾಗ ಗುಡಿ ಮುಂದ ನೀಲಿ ಬೋರ್ಡು ಐತಲ್ಲ, ಅದು ಇಲ್ಲಿಂದ ಎಷ್ಟು ದೂರಾಗ್ತದ?"

ಮೇಷ್ಟ್ರು ತಡವರಿಸಿದರು. ಆ ಪ್ರಶ್ನೆಗಾಗಿ ಅವರು ಬೆಳಗಿನಿಂದಲೂ ಕಾದಿದ್ದರೇನೋ. ಹಿಂದೆ ನೋಡಿಹೋದವರೆಲ್ಲ ಅಲ್ಲಿಗೇ ನಿಂತಿದ್ದರಂತೆ. "ನೂರು ಮೀಟರಿನ ಒಳಗೇ ಬರ್ತದಮ್ಮಾ" ಎಂದರು.

ಹಂಪಿಯ ಸುತ್ತ ಮನೆ ನೋಡುವವನು ತಿಳಿಯಲೇಬೇಕಾದ ಗೆರೆ ಇದು. ಕೇಂದ್ರದ ರಕ್ಷಣೆಯಲ್ಲಿರುವ ಯಾವುದೇ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. 1992ರ ಅಧಿಸೂಚನೆಯಲ್ಲಿದ್ದ ಈ ಗೆರೆಗಳಿಗೆ 2010ರ ತಿದ್ದುಪಡಿ ಕಾಯ್ದೆಯ ಬಲ ಕೊಟ್ಟಿತು. ನಿಯಂತ್ರಿತದಲ್ಲಿ ಅನುಮತಿ ಪಡೆದು ಕಟ್ಟಬಹುದು. ನಿಷೇಧಿತದಲ್ಲಿ ಖಾಸಗಿಯವರು ಹೊಸದಾಗಿ ಕಟ್ಟುವ ಮಾತೇ ಇಲ್ಲ. ಹಳೆಯ ಮನೆಯ ದುರಸ್ತಿಗೆ, ನವೀಕರಣಕ್ಕೆ ಮಾತ್ರ ಸಕ್ಷಮ ಪ್ರಾಧಿಕಾರದ ಅನುಮತಿ ಕೇಳಬಹುದು. ಅದಕ್ಕೂ ಆ ಮನೆ 1992ರ ಜೂನ್ 16ಕ್ಕಿಂತ ಮೊದಲೇ ಅಲ್ಲಿರಬೇಕು, ಇಲ್ಲವೇ ಆಮೇಲೆ ಪುರಾತತ್ವ ಇಲಾಖೆಯ ಒಪ್ಪಿಗೆಯಿಂದ ಕಟ್ಟಿದ್ದಾಗಿರಬೇಕು. ಇದರ ಮೇಲೆ ಹಂಪಿ ಪ್ರಾಧಿಕಾರದ ನಿಯಮಗಳು ಬೇರೆ. ಯುನೆಸ್ಕೊ ಗುರುತಿಸಿದ ಪರಂಪರೆಯ ಪ್ರದೇಶವೇ 4,187 ಹೆಕ್ಟೇರು, ಅದರೊಳಗೆ ಊರುಗಳಿವೆ, ಹೊಲಗಳಿವೆ, ಓಣಿಗಳಿವೆ. ಲಾಡ್ಜು ಮಾಡುವ ಆಸೆಗೆ ಏನಾಗಬಹುದೆಂದು ನೋಡಲು ವಿರೂಪಾಪುರ ಗಡ್ಡೆಯತ್ತ ನೋಡಿದರೆ ಸಾಕು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಬೆನ್ನಿಗೇ ಅಲ್ಲಿನ ರೆಸಾರ್ಟುಗಳು ನೆಲಸಮವಾದವು.

ಮಗನ ಮುಖ ಇಳಿಯಿತು. ಮೇಷ್ಟ್ರದ್ದೂ. ಅಮ್ಮನದ್ದು ಇಳಿಯಲಿಲ್ಲ.

ಪಟೇಲ್ ನಗರದಲ್ಲಿ ಹಳೆಯ ಮನೆಯೆಂದರೆ ನೆಲದ ಮೇಲಿನ ಹೊರೆ. ಕೆಡವಿದ ದಿನ ಜಾಗದ ಬೆಲೆ ಏರುತ್ತದೆ. ಈ ನೂರು ಮೀಟರಿನೊಳಗೆ ಲೆಕ್ಕ ತಲೆಕೆಳಗು. ಗೋಡೆ ನಿಂತಿರುವವರೆಗೆ ಇದು ಮನೆ, ಬಿದ್ದ ಮರುದಿನ ಬರೀ ಖಾಲಿ ಜಾಗ, ಅಲ್ಲಿ ಮತ್ತೆ ಗೋಡೆ ಏಳುವುದಿಲ್ಲ. ನೆಲಕ್ಕೆ ಬೆಲೆ ತರುವುದು ಈ ಮಣ್ಣಿನ ಗೋಡೆಗಳೇ, ಈ ಬೇವಿನ ತೊಲೆಗಳೇ. ಬ್ರೋಕರು ಸೊನ್ನೆ ಹಾಕಿ ಪಕ್ಕಕ್ಕಿಟ್ಟ ಅಂಕಿ ಇಲ್ಲಿ ಇಡೀ ಮೊತ್ತ. ಹಾಗಾಗಿ ತೊಲೆಯ ತುದಿಯ ಗೆದ್ದಲು, ಮಾಳಿಗೆಯ ಚೌಳು ಮಣ್ಣು, ಗೋಡೆಯ ಉಪ್ಪು ಇವೆಲ್ಲ ಬೇರೆ ಕಡೆಯ ಹಾಗೆ ಚೌಕಾಸಿಯ ನೆಪಗಳಾಗಿ ಉಳಿಯುವುದಿಲ್ಲ. ಒಂದು ಗೋಡೆ ಪೂರ್ತಿ ಕುಸಿದರೆ ಅದನ್ನು ಎತ್ತುವುದು ದುರಸ್ತಿಯೋ ಹೊಸ ಕಟ್ಟಡವೋ ಎಂಬ ತಕರಾರಿಗೆ ಉತ್ತರಿಸುತ್ತ ಕಚೇರಿ ಅಲೆಯಬೇಕು. ಸ್ಮಾರಕ ಕಾಯಲು ಬಂದ ಕಾಯ್ದೆ ತನಗೆ ಗೊತ್ತಿಲ್ಲದೆಯೇ ಮಣ್ಣಿನ ಮಾಳಿಗೆಗಳನ್ನೂ ಕಾಯುತ್ತಿದೆ ಎಂದು ಖುಷಿಪಡಬಹುದಿತ್ತು. ಆದರೆ ಅನುಮತಿಯ ದಾರಿ ಉದ್ದ. ಒಂದು ತೊಲೆ ಬದಲಿಸಲು ಅರ್ಜಿ, ನಕ್ಷೆ, ಫೋಟೋ ಎಂದರೆ ಎಷ್ಟೋ ಜನ ಬೇಸತ್ತು ಸುಮ್ಮನಾಗುತ್ತಾರೆ, ಮನೆ ತಾನಾಗಿಯೇ ಬೀಳುತ್ತದೆ. ರಾಯರ ಕಾಲದ ಕಲ್ಲಿಗೆ ಕೊಟ್ಟ ಕಾಳಜಿಯಲ್ಲಿ ಒಂದು ಪಾಲು ಈ ಓಣಿಗಳಿಗೂ ಸಿಕ್ಕಿದ್ದರೆ, ಒಂದು ತೊಲೆಯ ಅನುಮತಿ ಮಳೆಗಿಂತ ಮುಂಚೆ ಕೈಗೆ ಬರುವಂತಾಗಿದ್ದರೆ, ಕಾಯ್ದೆಯ ಬಗ್ಗೆ ನನ್ನ ಮಾತೂ ಮೆತ್ತಗಾಗುತ್ತಿತ್ತು.

ಅಮ್ಮನಿಗೆ ಇಷ್ಟೆಲ್ಲ ವಿವರ ಬೇಕಾಗಿರಲಿಲ್ಲ. "ನಾವಿದ್ದ ಮನಿ ಇದಕ್ಕಿಂತ ಗಟ್ಟಿ ಇತ್ತು. ಬಂಡಿಗಲ್ಲು. ಆದ್ರೂ ನಮ್ಮದು ಅನ್ನಾಕ ಕೈಯಾಗ ಒಂದು ಹಾಳಿ ಇರಲಿಲ್ಲ. ಮೇಷ್ಟ್ರೇ, ಕಾಗದ ತೋರಿಸ್ರಿ."

ಅಟ್ಟದ ಮೇಲಿಂದ ಟ್ರಂಕು ಇಳಿಯಿತು. ನುಸಿಗುಳಿಗೆಯ ವಾಸನೆ, ಕೆಂಪು ಬಟ್ಟೆಯ ಕಟ್ಟು. ಎಲ್ಲಕ್ಕೂ ಹಳೆಯದು ಮದ್ರಾಸಿನ ಕಾಲದ ಛಾಪಾಕಾಗದದ ಮೇಲೆ ತೆಲುಗಿನಲ್ಲಿ ಬರೆದ ಕ್ರಯಪತ್ರ. ಮೇಷ್ಟ್ರು ಓದಿ ಹೇಳಿದರು. ಅದರಲ್ಲಿ ಮನೆಯ ಅಳತೆ ಅಂಕಣದಲ್ಲಿದೆ, ಅಡಿಯಲ್ಲಿಲ್ಲ. ಚಕ್ಕುಬಂದಿ ಹೀಗೆ: ಮೂಡಲಿಗೆ ಒಬ್ಬ ಗಾಣಿಗರ ಮನೆ, ಪಡುವಲಿಗೆ ಹಾಳು ನಿವೇಶನ, ಬಡಗಲಿಗೆ ಬೀದಿ, ತೆಂಕಲಿಗೆ ಹುಣಸೆಮರ. ಗಾಣಿಗರು ಊರು ಬಿಟ್ಟು ಎಷ್ಟೋ ಕಾಲವಾಯಿತು, ಹಾಳು ನಿವೇಶನದಲ್ಲಿ ಮಾತಿಗೆ ಸಿಕ್ಕ ಹೆಂಗಸಿನ ಮನೆ ನಿಂತಿದೆ, ಹುಣಸೆಮರವನ್ನು ಕಂಡವರು ಯಾರೂ ಉಳಿದಿಲ್ಲ. ಬೀದಿಯೊಂದು ಮಾತ್ರ ಇದ್ದಲ್ಲಿದೆ. ಇಂಥ ಕಾಗದದ ಮೇಲೆ ಇಂದಿನ ನೋಂದಣಿ ಆಗುವುದಿಲ್ಲ. ಪಟ್ಟಣ ಪಂಚಾಯಿತಿಯ ಇ-ಖಾತೆ ಬೇಕು, ಅದರಲ್ಲಿ ಅಳತೆ, ಫೋಟೋ, ಈಗಿನ ಚಕ್ಕುಬಂದಿ ಕೂಡಬೇಕು. ಋಣಭಾರ ಪತ್ರ ಬೇಕು. ಈಚಿನ ವರ್ಷಗಳದ್ದು ಕಂಪ್ಯೂಟರಿನಿಂದ ಬರುತ್ತದೆ, ಅದರ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಕೈಬರಹದ ಪುಸ್ತಕಗಳನ್ನೇ ತಿರುವಿಸಬೇಕು.

ಖಾತೆ ಇನ್ನೂ ಮೇಷ್ಟ್ರ ತಂದೆಯ ಹೆಸರಿನಲ್ಲಿತ್ತು. ಅಮ್ಮ ಆ ಹಾಳೆಯ ಮೇಲೆ ಬೆರಳಿಟ್ಟಳು.

"ನಿಮಗ ಅಕ್ಕತಂಗ್ಯಾರು ಎಷ್ಟು ಮಂದಿ?"

"ಒಬ್ಬಾಕಿ ತಂಗಿ. ರಾಯಚೂರಿನ್ಯಾಗ ಇದ್ದಾಳ. ಅವಳು ಏನೂ ಕೇಳಂಗಿಲ್ಲ, ಬಿಡ್ರಿ."

"ಕೇಳಂಗಿಲ್ಲ ಅನ್ನೋದನ್ನ ಅಕಿ ಬಂದು ಸಹಿ ಹಾಕಿ ಹೇಳ್ಬೇಕಲ್ಲ."

ಆಕೆ ಹೇಳಿದ್ದು ನೇರ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಕರ್ನಾಟಕದಲ್ಲಿ 1994ರಲ್ಲೇ ಆ ದಾರಿ ತೆರೆದಿತ್ತು. ಪಾಲು ಪತ್ರವೋ ಹಕ್ಕು ಬಿಡುಗಡೆ ಪತ್ರವೋ ನೋಂದಣಿಯಾಗದೆ ಅಣ್ಣನೊಬ್ಬನೇ ಮಾರಿದ ಮನೆಗಳು ಕೋರ್ಟಿನ ಕಟ್ಟೆ ಹತ್ತುವುದು ಇದೇ ಕಾರಣಕ್ಕೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದ್ದರೆ ಕೊಳ್ಳುವವನು ಅಲ್ಲೇ ನಿಂತುಬಿಡುವುದು ಒಳ್ಳೆಯದು. ಗೋಡೆಯ ಬಿರುಕಿಗೆ ಗಾಜಿನ ಪಟ್ಟಿ ಅಂಟಿಸಿ ನೋಡಬಹುದು, ಇದಕ್ಕೆ ಅಂಥ ಉಪಾಯವಿಲ್ಲ.

ಗಂಟಿನ ತಳದಲ್ಲಿ ರಸೀದಿಗಳಿದ್ದವು. ದಾರ ಪೋಣಿಸಿ ವರ್ಷವಾರು ಕಟ್ಟಿಟ್ಟ ಪಂಚಾಯಿತಿ ಕಂದಾಯದ ಚೀಟಿಗಳು, ಕರೆಂಟಿನ ಬಿಲ್ಲುಗಳು. ಮೇಷ್ಟ್ರ ಹೆಂಡತಿಗೆ ಅವನ್ನು ಒಲೆಗೆ ಹಾಕುವ ಮನಸ್ಸಾಗಿತ್ತಂತೆ, ಮೇಷ್ಟ್ರು ಬಿಟ್ಟಿರಲಿಲ್ಲ. ಮಗ ಒಂದೊಂದಾಗಿ ತಿರುವಿದ. 1980ರ ದಶಕದ್ದೊಂದು ಸಿಕ್ಕಿತು. ಮನೆ ಸಂಖ್ಯೆ, ಹೆಸರು, ಮಾಳಿಗೆ ಮನೆ ಎಂಬ ಷರಾ, ಮಸಿ ಮಾಸಿದ ಮೊಹರು, ಗುಮಾಸ್ತನ ಸಹಿ. 1992ಕ್ಕೂ ಮೊದಲೇ ಈ ಮನೆ ಇಲ್ಲಿ ನಿಂತಿತ್ತೆಂದು ಹೇಳುವ ಸಾಕ್ಷಿ. ಪಟೇಲ್ ನಗರದಲ್ಲಿ ಅದಕ್ಕೆ ರದ್ದಿಯ ಬೆಲೆ. ಇಲ್ಲಿ ದುರಸ್ತಿಯ ಅರ್ಜಿಗೆ ಲಗತ್ತಿಸಬೇಕಾದ ಮೊದಲ ಹಾಳೆ.

ಅಲ್ಲಿಂದ ಮಾತು ಬೇರೆ ಹದಕ್ಕೆ ಬಂತು. ಮಗ ನಾಲ್ಕು ರೂಮಿನ ಸುದ್ದಿ ಬಿಟ್ಟ. ಗೌಂಡಿ ಬೀಡಿ ಹಚ್ಚಿ, ಹಿತ್ತಲ ಕಟ್ಟೆಯ ಮೇಲೆ ಕೂತು ಕೆಲಸಗಳನ್ನು ಒಂದರ ಹಿಂದೊಂದು ಎಣಿಸಿದ. ಮೂಡಲ ಗೋಡೆಯ ತೊಲೆ. ಗವಾಕ್ಷಿಯ ಸುತ್ತಲಿನ ತಗ್ಗು. ಹಗೇವು. ಮುಂದಿನ ಗೋಡೆಗಳ ಸಿಮೆಂಟು ಕಿತ್ತು ಒಂದು ಬೇಸಿಗೆ ಬರಿಗೋಡೆ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ. ಹಿಂದಿನ ಆರ್‌ಸಿಸಿಯ ಕೆಳಗೆ ಸದ್ಯಕ್ಕೆ ಯಾರೂ ಮಲಗಬಾರದು. "ಮಾಳಿಗಿ ಮಣ್ಣು ಮಾತ್ರ ಮಿರಗದ ಮಳೆಗಿಂತ ಮೊದಲೇ ಬೀಳಬೇಕು. ಮನಿ ಯಾರ ಹೆಸರಿನ್ಯಾಗ ಇದ್ರೂ ಮಳಿ ಕೇಳಂಗಿಲ್ಲ."

"ಈ ವರ್ಷದ ಮಣ್ಣು ನಾನೇ ಹಾಕಿಸ್ತೀನಿ" ಎಂದರು ಮೇಷ್ಟ್ರು, ಸ್ವಲ್ಪ ಸಿಟ್ಟಿನಲ್ಲೇ. "ಮಾರೋತನಕ ನನ್ನ ಮನಿ."

ಬೆಲೆಯ ಮಾತು ಶುರುವಾಯಿತು. ಮೇಷ್ಟ್ರು ಒಂದು ಅಂಕಿ ಹೇಳಿದರು, ಮಗ ಇನ್ನೊಂದು. ಗೌಂಡಿ ದುರಸ್ತಿಯ ಖರ್ಚನ್ನು ನಡುವೆ ತಂದಿಟ್ಟ. ಮೇಷ್ಟ್ರ ಹೆಂಡತಿ ಮಜ್ಜಿಗೆಯ ಲೋಟಗಳನ್ನು ತಂದಿಟ್ಟು, ಬಾವಿಯನ್ನು ಯಾಕೆ ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲವೆಂದು ಕೇಳಿದಳು. ಸೊಸೆ ಅದಕ್ಕೆ ಹೌದೆಂದಳು, ಕೊಳ್ಳುವ ಪಕ್ಷದವಳೆಂಬುದನ್ನೂ ಮರೆತು. ಅಂತೂ ಎರಡು ಅಂಕಿಗಳೂ ಒಂದಿಷ್ಟು ಹತ್ತಿರ ಸರಿದವು. ಮಗ ಜೇಬಿಗೆ ಕೈ ಹಾಕಿ, ಇವತ್ತೇ ಸ್ವಲ್ಪ ಮುಂಗಡ ಕೊಟ್ಟುಬಿಡಲೇ ಎಂದು ಅಮ್ಮನ ಮುಖ ನೋಡಿದ.

"ಈ ರಸೀದಿದು ಒಂದು ಜೆರಾಕ್ಸ್ ಮಾಡಿಸ್ಕ್ಯಾ" ಎಂದು ಅವನಿಗೆ ಹೇಳಿ, ಅಮ್ಮ ಮೇಷ್ಟ್ರ ಕಡೆ ತಿರುಗಿದಳು. "ತಂಗೀನ ರಾಯಚೂರಿಂದ ಕರೆಸ್ರಿ. ಮುಂಗಡ ಅಕಿ ಎದುರಿಗೆ ಕೊಡ್ತೀವಿ."